ಸಿಸೇರಿಯನ್ ಆದ ಮೇಲೆ: ಹೊರಗಿನ ಹೊಲಿಗೆ ಒಣಗಿದರೆ ಸಾಕೇ?

ಸಿಸೇರಿಯನ್ ನಂತರದ ಅಪರೂಪದ ತೊಂದರೆಗಳ ಬಗ್ಗೆ ಮಾಡಿದ ಮಾತುಕತೆಯ ಬರಹರೂಪ ಇದು. ಮಗು ಮಲಗಿದ ಹೊತ್ತಿನಲ್ಲಿ ಸದ್ದಿಲ್ಲದೆ ಓದಿಕೊಳ್ಳಬಹುದು. ಬಾಣಂತಿಯನ್ನು ನೋಡಿಕೊಳ್ಳುವ ಅಮ್ಮ, ಅತ್ತೆಯವರಿಗೂ ಓದಿ ಹೇಳಿ.

ಮುಂಬೈಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ರೂಢಿ ಇದೆ. ಮೊದಲ ಹೆರಿಗೆ ಊರಲ್ಲಿ, ತವರಿನಲ್ಲಿ. ಎರಡನೆಯದು ಇಲ್ಲೇ, ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ. ಇಲ್ಲವೇ ಹೆರಿಗೆ ಇಲ್ಲಿ, ಬಾಣಂತನ ಊರಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ ನೂರಕ್ಕೆ ಸುಮಾರು 25, ಕರ್ನಾಟಕದಲ್ಲಿ 31ಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್. ಹೆಚ್ಚಿನವರು ಚೆನ್ನಾಗಿಯೇ ಚೇತರಿಸಿಕೊಳ್ತಾರೆ. ಆದರೆ ತೊಂದರೆ ಅಪರೂಪ ಅಂದರೆ, ಅದು ಯಾರಿಗೂ ತಟ್ಟನೆ ಹೊಳೆಯೋದಿಲ್ಲ ಅಂತಲೂ ಅರ್ಥ.

ಗಾಯ ಒಂದಲ್ಲ, ಎರಡು

ಕಣ್ಣಿಗೆ ಕಾಣೋದು ಚರ್ಮದ ಹೊಲಿಗೆ. ಅದು ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತೆ. ಒಳಗೆ ಗರ್ಭಕೋಶದ ಗೋಡೆಯಲ್ಲಿ ಇನ್ನೊಂದು ಹೊಲಿಗೆ ಇದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರೋಕೇ ಸುಮಾರು ಆರು ವಾರ ಬೇಕು. ಹಾಗಾಗಿ ‘ಹೊಲಿಗೆ ಒಣಗಿದೆ’ ಅನ್ನೋ ಮಾತು ಹೊರಗಿನ ಗಾಯಕ್ಕೆ ಮಾತ್ರ ಸಲ್ಲುತ್ತೆ.

ಹೊರಗಿನ ಗಾಯದಲ್ಲಿ

ಸ್ವಲ್ಪ ಕೀವು, ಕೆಂಪು ಸಾಮಾನ್ಯವಾಗಿ ಕಾಣುವ ಸೋಂಕು, ತೋರಿಸಿದರೆ ಗುಣವಾಗುತ್ತೆ. ಅಪರೂಪಕ್ಕೆ ಸೋಂಕು ಚರ್ಮದಡಿಯ ಪದರದಲ್ಲಿ ಗಂಟೆಗಂಟೆಗೂ ಹರಡುತ್ತೆ. ಆಗ ಗಾಯ ನೋಡೋಕೆ ಅಷ್ಟೇನೂ ಕೆಟ್ಟಿರೋದಿಲ್ಲ, ನೋವು ಮಾತ್ರ ತಡೆಯೋಕಾಗದಷ್ಟು. ಆಮೇಲೆ ಚರ್ಮ ನೀಲಿಗಪ್ಪಾಗುತ್ತೆ, ಗುಳ್ಳೆ ಏಳುತ್ತೆ. ಇದಕ್ಕೆ ಮಾತ್ರೆ ಸಾಲದು, ತಕ್ಷಣ ಆಪರೇಷನ್ ಮಾಡಿ ಸತ್ತ ಭಾಗ ತೆಗೀಬೇಕು.

ಇನ್ನೊಂದು ನಿಧಾನದ್ದು. ಗಾಯ ಒಣಗಿ ಕೆಲವು ವಾರ ಕಳೆದ ಮೇಲೆ ಅಲ್ಲೇ ಗಂಟಾಗಿ ಒಸರೋಕೆ ಶುರುವಾಗುತ್ತೆ, ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗೋದಿಲ್ಲ. ಕ್ಷಯದ ರೋಗಾಣುವಿನ ಕುಲಕ್ಕೇ ಸೇರಿದ, ನೀರಿನಲ್ಲಿ ಬದುಕುವ ರೋಗಾಣುಗಳು ಇದಕ್ಕೆ ಕಾರಣ ಆಗಿರಬಹುದು. ಔಷಧಿ ಬದಲಿಸುತ್ತಾ ಹೋಗುವ ಬದಲು ‘ಕಲ್ಚರ್ ಮಾಡಿಸಬೇಕಾ ಡಾಕ್ಟ್ರೇ?’ ಅಂತ ಕೇಳಿ.

ಗಾಯದ ಜಾಗದಲ್ಲಿ ಗಂಟು, ಮುಟ್ಟಾದಾಗಲೆಲ್ಲ ಅದು ಊದಿ ನೋಯುತ್ತೆ ಅಂದರೆ ಗರ್ಭಕೋಶದ ಒಳಪದರದ ಜೀವಕೋಶಗಳು ಅಲ್ಲಿ ಸೇರಿಕೊಂಡಿರಬಹುದು. ವರ್ಷಗಳ ನಂತರವೂ ಇದು ಬರಬಹುದು. ಸಾಮಾನ್ಯವಾಗಿ ಗಂಟನ್ನು ತೆಗೆದರೆ ಗುಣ.

ಒಳಗಿನ ಗಾಯದಲ್ಲಿ

ಬಾಣಂತಿ ಸ್ರಾವ ದಿನ ಕಳೆದಂತೆ ಕಡಿಮೆಯಾಗಬೇಕು. ಕಡಿಮೆಯಾಗಿದ್ದು ಎರಡು, ಮೂರು ವಾರದ ಮೇಲೆ ದಿಢೀರ್ ಅಂತ ಕೆಂಪಗೆ ಹರಿದರೆ ‘ಮಾಸಿನ ಚೂರು ಉಳಿದಿರಬೇಕು’ ಅಂತ ಮೊದಲು ಅನ್ನಿಸುತ್ತೆ. ಹಾಗೂ ಇರಬಹುದು. ಆದರೆ ಅಪರೂಪಕ್ಕೆ ಒಳಗಿನ ಹೊಲಿಗೆಯ ಜಾಗವೇ ಸೋಂಕಿನಿಂದ ಕೊಳೆತು ಬಿಟ್ಟುಕೊಂಡಿರುತ್ತೆ. ಸ್ಥಿತಿ ಬಿಗಡಾಯಿಸದಿದ್ದರೆ ಕೆರೆದು ತೆಗೆಯುವ ಮೊದಲು ಸೋನೋಗ್ರಫಿ ಆಗಬೇಕು.

ಒಂದು ದೊಡ್ಡ ಪ್ಯಾಡ್ ಒಂದೇ ಗಂಟೆಯಲ್ಲಿ ತೊಯ್ದರೆ, ಚಳಿಜ್ವರ, ತಲೆಸುತ್ತು, ವಾಸನೆಯ ಸ್ರಾವ, ಹೊಟ್ಟೆ ಉಬ್ಬರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ 108 ಇದೆ. ರಕ್ತ ಮತ್ತು ಐಸಿಯು ಇರುವ ಆಸ್ಪತ್ರೆಗೇ ಹೋಗಿ. ಮುಂಬೈಯಲ್ಲಿ ಪರೇಲಿನ ಕೆಇಎಂ, ಸಯನ್ ಆಸ್ಪತ್ರೆಯಂಥವು ಇರೋದು ಇದಕ್ಕೇ.

ಇದೇ ಕಾರಣಕ್ಕೆ ಪ್ರಯಾಣದ ಮಾತು. ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಉಡುಪಿ ಸಿಗೋದು ರಾತ್ರಿ ಕಳೆದ ಮೇಲೆ. ನಡುವೆ ಕೊಂಕಣದ ಸುರಂಗಗಳು, ಸಣ್ಣ ಸ್ಟೇಷನ್‌ಗಳು. ರಕ್ತ ಹೋಗೋಕೆ ಶುರುವಾದರೆ ಎಲ್ಲಿ ಇಳೀತೀರಿ? ಡಾಕ್ಟರು ಒಪ್ಪಿದ ಮೇಲೆಯೇ ಟಿಕೆಟ್ ಮಾಡಿ. ಬಾಣಂತಿ ಸ್ನಾನದಲ್ಲಿ ಹೊಟ್ಟೆಗೆ ಬಿಸಿನೀರು ರಭಸವಾಗಿ ಎರಚೋದು, ಗಾಯಕ್ಕೆ ಎಣ್ಣೆ, ಅರಿಶಿನ ಹಚ್ಚೋದು ಬೇಡ. ಗಾಯ ಶುಚಿಯಾಗಿ, ಒಣಗಿರಲಿ.

ಮುಂದಿನ ಬಸುರಿಗೆ ಬೇಕಾದ ಕಾಗದ

ಒಳಗಿನ ಕಲೆಯ ಕಥೆ ಆರು ವಾರಕ್ಕೆ ಮುಗಿಯೋದಿಲ್ಲ. ಮುಂದಿನ ಭ್ರೂಣ ಆ ಕಲೆಯ ಮೇಲೇ ಕೂರಬಹುದು. ಅದಕ್ಕೇ ಆರೇಳು ವಾರಕ್ಕೆ ಸೋನೋಗ್ರಫಿ ಒಳ್ಳೆಯದು. ಮಾಸು ಕಲೆಯೊಳಗೆ ಬೇರು ಬಿಡಲೂಬಹುದು. 2006ರ ಒಂದು ಅಮೆರಿಕದ ಅಧ್ಯಯನದಲ್ಲಿ, ಮಾಸು ಗರ್ಭದ ಬಾಯಿ ಮುಚ್ಚಿಕೊಂಡಿದ್ದವರ ಪೈಕಿ, ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ನೂರಕ್ಕೆ 11, ಎರಡು ಆದವರಲ್ಲಿ 40 ಜನರಿಗೆ ಹೀಗಾಗಿತ್ತು. ಕೆಳಗೆ ಅಡ್ಡ ಕೊಯ್ದಿದ್ದರೆ ಮುಂದಿನ ಸಹಜ ಹೆರಿಗೆಯ ನೋವಿನಲ್ಲಿ ಕಲೆ ಹರಿಯುವ ಸಂಭವ ಸುಮಾರು ಇನ್ನೂರಕ್ಕೆ ಒಂದು. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಹಲವು ಪಟ್ಟು ಹೆಚ್ಚು.

ಇಲ್ಲೊಂದು ಸೂಕ್ಷ್ಮ ಇದೆ. ಚರ್ಮದ ಕಲೆ ಅಡ್ಡ ಇದ್ದರೂ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಹೊರಗಿನಿಂದ ನೋಡಿ ಹೇಳೋಕಾಗಲ್ಲ. ಕುಂದಾಪುರದಲ್ಲಿ ಆದ ಆಪರೇಷನ್ ಬಗ್ಗೆ ಠಾಣೆಯ ಡಾಕ್ಟರಿಗೆ ತಿಳಿಸೋದು ಕಾಗದ ಮಾತ್ರ. ಡಿಸ್ಚಾರ್ಜ್ ಕಾರ್ಡ್ ಜೊತೆ ಆಪರೇಷನ್ ನೋಟ್ಸ್‌ನ ಪ್ರತಿಯನ್ನೂ ಕೇಳಿ ಪಡೆಯಿರಿ, ಫೋಟೋ ತೆಗೆದು ಇಬ್ಬರು ಮೂವರ ಫೋನಿನಲ್ಲಿ ಇಡಿ.

ನಿಮ್ಮ ಮನೆಯಲ್ಲಿ ಆ ಕಾಗದ ಎಲ್ಲಿದೆ ಅಂತ ಇವತ್ತೇ ಹುಡುಕಿ ನೋಡಿ.