ಪಾಲಿಮರ್ ದ್ರಾವಣಗಳ ಶಿಯರ್ ಅವನತಿ

ಪಾಲಿಮರ್ ಬೆರೆಸಿದ ನೀರು ರಭಸದ ಹರಿವಿಗೆ ಸಿಲುಕಿದಾಗ ಅದರಲ್ಲಿನ ಉದ್ದನೆಯ ಅಣುಸರಪಳಿಗಳು ತುಂಡಾಗಿ, ಸ್ನಿಗ್ಧತೆ ಶಾಶ್ವತವಾಗಿ ಕುಂದುವ ಕ್ರಿಯೆಯನ್ನು ಶಿಯರ್ ಅವನತಿ ಎನ್ನುತ್ತಾರೆ. ದ್ರವದ ಅಕ್ಕಪಕ್ಕದ ಪದರಗಳು ಬೇರೆ ಬೇರೆ ವೇಗದಲ್ಲಿ ಜಾರುವುದೇ ಶಿಯರ್. ತೈಲ ನಿಕ್ಷೇಪಗಳಿಂದ ಹೆಚ್ಚುವರಿ ತೈಲ ತೆಗೆಯುವ ಪಾಲಿಮರ್ ವಿಧಾನದ ಯಶಸ್ಸು ಈ ಅವನತಿಯನ್ನು ಎಷ್ಟರಮಟ್ಟಿಗೆ ತಡೆಯಲಾಗುತ್ತದೆ ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಕಚ್ಚಾ ತೈಲವು ಹೆಚ್ಚಾಗಿ ಮರಳುಗಲ್ಲಿನಂತಹ ಶಿಲೆಗಳ ಸೂಕ್ಷ್ಮ ರಂಧ್ರಗಳಲ್ಲಿರುತ್ತದೆ. ಮಾಕಳಿದುರ್ಗದ ಬೆಟ್ಟದಂತಹ ಗ್ರಾನೈಟ್ ಶಿಲೆಯಲ್ಲಿ ಇಂತಹ ರಂಧ್ರಗಳು ಅತಿ ವಿರಳ. ನಿಕ್ಷೇಪದ ಸಹಜ ಒತ್ತಡ ಇಳಿದ ಬಳಿಕ ನೀರನ್ನು ಒಳಗೆ ತುಂಬಿ ತೈಲವನ್ನು ಉತ್ಪಾದನಾ ಬಾವಿಗಳತ್ತ ತಳ್ಳಲಾಗುತ್ತದೆ. ಆದರೆ ತೆಳುವಾದ ನೀರು ಮಂದವಾದ ತೈಲವನ್ನು ಹಿಂದೆ ಬಿಟ್ಟು ಸುಲಭದ ದಾರಿಯಲ್ಲಿ ಮುನ್ನುಗ್ಗುತ್ತದೆ. ಇದನ್ನು ತಪ್ಪಿಸಲು ನೀರಿಗೆ ಅಲ್ಪ ಪ್ರಮಾಣದಲ್ಲಿ ಪಾಲಿಅಕ್ರಿಲಮೈಡ್ ವರ್ಗದ ಪಾಲಿಮರ್ ಬೆರೆಸಿ ಅದನ್ನು ಮಂದಗೊಳಿಸುತ್ತಾರೆ. ಇದರ ಅಣುತೂಕ ಅನೇಕ ವೇಳೆ 1 ಕೋಟಿಯನ್ನು ಮೀರುತ್ತದೆ.

ಹರಿವಿನ ಸ್ವಭಾವ

ವೇಗ ಹೆಚ್ಚಿದಂತೆ ಸುರುಳಿಯಾಗಿದ್ದ ಸರಪಳಿಗಳು ಹರಿವಿನ ದಿಕ್ಕಿಗೆ ತಿರುಗುವುದರಿಂದ ದ್ರಾವಣ ತೆಳುವಾಗುತ್ತದೆ. ಈ ಬದಲಾವಣೆ ತಾತ್ಕಾಲಿಕ. ವೇಗ ತಗ್ಗಿದರೆ ಸ್ನಿಗ್ಧತೆ ಮರಳುತ್ತದೆ. ಆದರೆ ಶಿಲಾರಂಧ್ರಗಳ ಕಿರಿದಾದ ಕಂಠಗಳಲ್ಲಿ ವೇಗ ಮತ್ತಷ್ಟು ಹೆಚ್ಚಿದರೆ ಸರಪಳಿಗಳು ಎಳೆದು ಚಾಚಿಕೊಳ್ಳುತ್ತವೆ. ಆಗ ಹರಿವಿಗೆ ಪ್ರತಿರೋಧ ಏರುತ್ತದೆ. ಎಳೆತ ಮಿತಿ ಮೀರಿದಾಗ ಸರಪಳಿಗಳು ಕಡಿಯುತ್ತವೆ. ಅತಿ ಉದ್ದನೆಯವು ಮೊದಲು ತುಂಡಾಗುತ್ತವೆ. ದ್ರಾವಣವನ್ನು ಮಂದಗೊಳಿಸುವುದರಲ್ಲಿ ಹೆಚ್ಚಿನ ಪಾತ್ರ ಅವುಗಳದ್ದೇ ಆದ್ದರಿಂದ ನಷ್ಟವೂ ಹೆಚ್ಚು. ಹೀಗೆ ಕಳೆದುಹೋದ ಸ್ನಿಗ್ಧತೆ ಮರಳುವುದಿಲ್ಲ.

ಅವನತಿ ಸಂಭವಿಸುವ ಸ್ಥಳಗಳು

* ವೇಗವಾಗಿ ತಿರುಗುವ ಪಂಪುಗಳು
* ಹರಿವನ್ನು ನಿಯಂತ್ರಿಸುವ ಕಿರಿದಾದ ಕವಾಟಗಳು
* ಬಾವಿಯ ಉಕ್ಕಿನ ಕೊಳವೆಯಲ್ಲಿ ಕೊರೆದ ರಂಧ್ರಗಳು
* ಬಾವಿಗೆ ಹೊಂದಿಕೊಂಡಿರುವ ಶಿಲಾಭಾಗ

ಬಾವಿಯಿಂದ ಸುತ್ತಲೂ ಹರಡುವ ದ್ರಾವಣದ ವೇಗವು ದೂರ ಹೆಚ್ಚಿದಂತೆ ತಗ್ಗುತ್ತದೆ. ಆದ್ದರಿಂದ ಹಾನಿಯ ಬಹುಪಾಲು ಬಾವಿಯ ಸಮೀಪದಲ್ಲೇ ಆಗುತ್ತದೆ.

ತಡೆಯುವ ಕ್ರಮಗಳು

ದ್ರಾವಣವನ್ನು ಮೃದುವಾಗಿ ಸಾಗಿಸುವ ಪಂಪು ಹಾಗೂ ಕವಾಟಗಳನ್ನು ಬಳಸುವುದು, ಕೊಳವೆಯ ರಂಧ್ರಗಳ ಸಂಖ್ಯೆ ಮತ್ತು ಗಾತ್ರವನ್ನು ಹೆಚ್ಚಿಸುವುದು, ಪ್ರತಿ ಬಾವಿಗೆ ತುಂಬುವ ವೇಗವನ್ನು ಮಿತಿಗೊಳಿಸುವುದು ಮುಖ್ಯ ಕ್ರಮಗಳು. ಬಿರುಸಾದ ಅಣುಗಳುಳ್ಳ ಕ್ಸಾಂಥನ್ ಅಂಟು ಶಿಯರನ್ನು ಹೆಚ್ಚು ತಾಳಿಕೊಳ್ಳುತ್ತದೆಯಾದರೂ ಅದನ್ನು ಬ್ಯಾಕ್ಟೀರಿಯಾಗಳು ಕೆಡಿಸಬಲ್ಲವು. ಪಾಲಿಮರನ್ನು ಆಯ್ಕೆ ಮಾಡುವ ಮುನ್ನ ದ್ರಾವಣವನ್ನು ಸಣ್ಣ ನಳಿಕೆಯ ಮೂಲಕ ಒತ್ತಡದಿಂದ ಹಾಯಿಸಿ, ಮೊದಲಿನ ಮತ್ತು ನಂತರದ ಸ್ನಿಗ್ಧತೆಯನ್ನು ಹೋಲಿಸುತ್ತಾರೆ.

ಭಾರತದಲ್ಲಿ

ಕರ್ನಾಟಕದಲ್ಲಿ ಕಚ್ಚಾ ತೈಲದ ಉತ್ಪಾದನೆಯಿಲ್ಲ. ಭಾರತದಲ್ಲಿ ಈ ವಿಧಾನದ ಪ್ರಮುಖ ಉದಾಹರಣೆ ರಾಜಸ್ಥಾನದ ಬಾಡ್ಮೇರ್ ಪ್ರದೇಶದ ಮಂಗಳಾ ತೈಲಕ್ಷೇತ್ರ. 2004ರಲ್ಲಿ ಪತ್ತೆಯಾದ ಈ ಕ್ಷೇತ್ರದಲ್ಲಿ 2009ರಲ್ಲಿ ಉತ್ಪಾದನೆ ಆರಂಭವಾಯಿತು. ಇಲ್ಲಿನ ಮೇಣಯುಕ್ತ ತೈಲವು ನೀರಿಗಿಂತ ಹಲವು ಪಟ್ಟು ಮಂದವಾಗಿರುವುದರಿಂದ, ಪ್ರಾಯೋಗಿಕ ಹಂತದ ಬಳಿಕ ಪಾಲಿಮರ್ ತುಂಬುವಿಕೆಯನ್ನು ಇಡೀ ಕ್ಷೇತ್ರಕ್ಕೆ ವಿಸ್ತರಿಸಲಾಯಿತು. ಇಂತಹ ಕ್ಷೇತ್ರಗಳಲ್ಲಿ ದ್ರಾವಣವು ಬಾವಿಯ ಬಳಿಯೇ ತೆಳುವಾದರೆ ಪಾಲಿಮರಿಗೆ ತಗುಲಿದ ವೆಚ್ಚ ವ್ಯರ್ಥವಾಗಿ, ತೈಲವೂ ಶಿಲೆಯಲ್ಲೇ ಉಳಿಯುತ್ತದೆ.