ಹಲ್ಲಿನ ಡಾಕ್ಟರ್ ಬೇರೆ, ತಂತಿ ಹಾಕೋ ಡಾಕ್ಟರ್ ಬೇರೆಯಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಬಿಡಿಎಸ್ ಓದಿದ ದಂತವೈದ್ಯೆ. ಕುಷ್ಟಗಿಯಲ್ಲಿ ಸಣ್ಣದೊಂದು ಕ್ಲಿನಿಕ್ ನಡೆಸ್ತೇನೆ. ಹನುಮಸಾಗರ, ತಾವರಗೇರಾ, ಯಲಬುರ್ಗಾ ಕಡೆಯಿಂದಲೂ ಜನ ಬರ್ತಾರೆ. ನನಗೆ ಅತಿ ಹೆಚ್ಚು ಸಲ ಎದುರಾಗೋ ಪ್ರಶ್ನೆ ಇದು: "ಮೇಡಮ್ಮಾರ, ನೀವೂ ಹಲ್ಲಿನ ಡಾಕ್ಟರೇ ಅಲ್ಲೇನ್ರಿ? ಮತ್ತ ತಂತಿ ಹಾಕಾಕ ಬ್ಯಾರೆ ಡಾಕ್ಟರ್ ಯಾಕ ಬೇಕು?" ಇವತ್ತು ಇದಕ್ಕೆ ಸ್ವಲ್ಪ ಬಿಡಿಸಿ ಉತ್ತರ ಹೇಳ್ತೇನೆ.

ಈಚೆಗೆ ಬಂದ ಒಂದು ಮನೆಯವರಿಂದ ಶುರು ಮಾಡೋಣ. ತಾಯಿ, ಹತ್ತೊಂಬತ್ತು ವರ್ಷದ ಮಗಳು, ಹದಿಮೂರರ ಮಗ. ತಾಯಿಯ ಸೊಂಟದ ಮೇಲೆ ಹಿರಿಮಗಳ ಎರಡು ವರ್ಷದ ಕೂಸು. ಕೂತ ಕೂಡಲೇ ಆ ತಾಯಿ ಹೇಳಿದ್ದು: "ಹುಡುಗೀನ ನೋಡಾಕ ಬರಾಕತ್ತಾರ್ರಿ. ಬಂದೋರು ಹಲ್ಲು ನೋಡಿ ಹೋಗ್ತಾರ, ತಿರುಗಿ ಫೋನ್ ಮಾಡವಲ್ರು. ಇಬ್ಬರಿಗೂ ತಂತಿ ಹಾಕಿಬಿಡ್ರಿ. ರೊಕ್ಕ ಹೊಂದಿಸೀನಿ."

ಹುಡುಗಿಯ ಬಾಯಿ ನೋಡಿದೆ. ಹಲ್ಲಿನ ಸಾಲು ಅಚ್ಚುಕಟ್ಟಾಗಿದೆ, ಒಂದೂ ಸೊಟ್ಟಗಿಲ್ಲ. ಆದರೆ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ. ಇದು ದಂತ ಫ್ಲೋರೋಸಿಸ್. ಎರಡು ವರ್ಷ ತಂತಿ ಹಾಕಿಕೊಂಡರೂ ಆ ಪಟ್ಟೆ ಅಲ್ಲೇ ಇರುತ್ತೆ. ತಂತಿ ಹಲ್ಲಿನ ಜಾಗ ಬದಲಿಸುತ್ತೆ, ಬಣ್ಣ ಬದಲಿಸೋದಿಲ್ಲ. "ಅಕ್ಕಾ, ಈಕಿಗೆ ತಂತಿ ಬ್ಯಾಡ" ಅಂದಾಗ ಆಕೆಗೆ ನನ್ನ ಮೇಲೇ ಅನುಮಾನ ಬಂತು. ಬರೋ ರೊಕ್ಕ ಬೇಡ ಅನ್ನೋ ಡಾಕ್ಟರ್ ಯಾರಿದ್ದಾರೆ ಹೇಳಿ!

ಈಗ ಓದಿನ ಲೆಕ್ಕ. ಬಿಡಿಎಸ್ ಅಂದ್ರೆ ನಾಲ್ಕು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ಹುಳುಕು ತುಂಬೋದು, ಬೇರಿನ ಚಿಕಿತ್ಸೆ, ಹಲ್ಲು ಕೀಳೋದು, ಕ್ಲೀನಿಂಗ್, ವಸಡಿನ ತೊಂದರೆ, ಕಟ್ಟಿಸೋ ಹಲ್ಲು, ಕಲೆ ತೆಗೆಯೋದು, ಇವೆಲ್ಲ ನಮ್ಮಂಥ ಸಾಮಾನ್ಯ ದಂತವೈದ್ಯರ ದಿನದ ಕೆಲಸ. ಆರ್ಥೊಡಾಂಟಿಸ್ಟ್ ಕೂಡ ಮೊದಲು ಬಿಡಿಎಸ್ ಮಾಡಿದವರೇ. ಅದರ ಮೇಲೆ ಮೂರು ವರ್ಷ ಎಂಡಿಎಸ್ ಓದಿರ್ತಾರೆ. ಆ ಮೂರೂ ವರ್ಷ ಒಂದೇ ವಿಷಯ: ಹಲ್ಲು ಎಲ್ಲಿ ಕೂತಿದೆ, ಮೇಲಿನ ದವಡೆ ಕೆಳಗಿನ ದವಡೆಗೆ ಹೇಗೆ ಕೂಡುತ್ತೆ, ಬೆಳೆಯೋ ಮಗುವಿನ ಮುಖದ ಎಲುಬು ಯಾವ ಕಡೆ ಹೊರಟಿದೆ.

ಇಲ್ಲೊಂದು ಮಾತು ಸೇರಿಸ್ತೇನೆ. ಬೋರ್ಡಿನ ಮೇಲೆ ಎಂಡಿಎಸ್ ಅಂತ ಇದ್ದ ಮಾತ್ರಕ್ಕೆ ಅವರು ತಂತಿ ತಜ್ಞರು ಅಂತಲ್ಲ. ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗ ಇವೆ. ವಸಡಿನದೇ ಒಂದು, ಬೇರಿನ ಚಿಕಿತ್ಸೆಯದೇ ಒಂದು, ಮಕ್ಕಳ ಹಲ್ಲಿನದು ಇನ್ನೊಂದು. "ಯಾವುದರಲ್ಲಿ ಎಂಡಿಎಸ್ ರೀ?" ಅಂತ ಕೇಳಿ, ತಪ್ಪು ತಿಳಿಯೋದಿಲ್ಲ. ಡಾಕ್ಟರ್ ಅಂದವರ ಹೆಸರು ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿರಲೇಬೇಕು. ಬಿಡಿಎಸ್ ಡಾಕ್ಟರು ತಂತಿ ಹಾಕಲೇಬಾರದು ಅಂತ ಕಾನೂನಿಲ್ಲ, ಸುಲಭದ ಕೇಸುಗಳನ್ನು ಮಾಡೋರಿದ್ದಾರೆ. ದವಡೆಯೇ ಹೊಂದದ ಕೇಸುಗಳನ್ನು ನಾನಂತೂ ಮುಟ್ಟೋದಿಲ್ಲ.

ಯಾಕಂದ್ರೆ ತಂತಿ ಹಲ್ಲನ್ನ ಜಗ್ಗಿ ಎಳೆಯೋದಲ್ಲ. ಹಗುರವಾದ ಒತ್ತಡ ಬಿಡದೆ ಬಿದ್ದಾಗ, ಹಲ್ಲು ಹೋಗಬೇಕಾದ ಕಡೆ ಎಲುಬು ಕರಗುತ್ತೆ, ಹಿಂದೆ ಖಾಲಿಯಾದ ಕಡೆ ಹೊಸ ಎಲುಬು ಬೆಳೆಯುತ್ತೆ. ಅವಸರ ಮಾಡಿ ಜಾಸ್ತಿ ಬಿಗಿದರೆ ಬೇರಿಗೇ ಪೆಟ್ಟು. ಅದಕ್ಕೇ ಒಂದೂವರೆ, ಎರಡು ವರ್ಷ ಹಿಡಿಯೋದು, ನಾಲ್ಕಾರು ವಾರಕ್ಕೊಮ್ಮೆ ಬನ್ನಿ ಅನ್ನೋದು. ಬಿಚ್ಚಿದ ಮೇಲೆ ರಿಟೇನರ್ ಹಾಕಿಕೊಳ್ಳದಿದ್ದರೆ ಹಲ್ಲು ಹಳೇ ಜಾಗಕ್ಕೆ ವಾಪಸ್ ಹೊರಡುತ್ತೆ.

ಮಗನ ವಿಷಯಕ್ಕೆ ಬರೋಣ. ಅವನಿಗೆ ನಿಜವಾಗಿ ಆರ್ಥೊಡಾಂಟಿಸ್ಟ್ ಬೇಕಿತ್ತು. ಮೇಲಿನ ಹಲ್ಲು ಎಷ್ಟು ಮುಂದೆ ಬಂದಿವೆ ಅಂದ್ರೆ ತುಟಿ ಮುಚ್ಚೋದಿಲ್ಲ, ಆಡುವಾಗ ಬಿದ್ದು ಒಂದು ಹಲ್ಲಿನ ತುದಿ ಆಗಲೇ ಮುರಿದಿದೆ. ಹದಿಮೂರು ಒಳ್ಳೆ ವಯಸ್ಸು, ದವಡೆ ಇನ್ನೂ ಬೆಳೀತಾ ಇರುತ್ತೆ. ನಮ್ಮ ಕಡೆ ಪ್ರತಿ ಊರಲ್ಲೂ ಆರ್ಥೊಡಾಂಟಿಸ್ಟ್ ಕೂರೋದಿಲ್ಲ. ಗೊತ್ತಾದ ದಿನ ವಿಸಿಟಿಂಗ್ ಡಾಕ್ಟರ್ ಬರ್ತಾರೆ. ಇಲ್ಲಾಂದ್ರೆ ಜನ ಬಳ್ಳಾರಿ, ರಾಯಚೂರು, ಬಾಗಲಕೋಟೆ, ಧಾರವಾಡದ ಡೆಂಟಲ್ ಕಾಲೇಜುಗಳಿಗೆ ಹೋಗ್ತಾರೆ. ಕಾಲೇಜಿನಲ್ಲಿ ಖರ್ಚು ಕಡಿಮೆ. ಆದರೆ ಪ್ರತಿ ಸಲಕ್ಕೂ ಬಸ್ ಚಾರ್ಜು, ತಾಯಿಯ ಒಂದು ದಿನದ ಕೂಲಿ, ಹುಡುಗನ ಒಂದು ದಿನದ ಶಾಲೆ. ಇಷ್ಟನ್ನೂ ಲೆಕ್ಕ ಹಾಕಿಯೇ ಶುರು ಮಾಡಿ ಅಂತ ಹೇಳ್ತೇನೆ. ಅರ್ಧಕ್ಕೆ ಬಿಟ್ಟ ತಂತಿ ಬಾಯಲ್ಲಿ ಹಾಗೇ ಉಳಿದು, ಸುತ್ತ ಹುಳುಕು ಹಿಡಿದು ನನ್ನ ಹತ್ತಿರ ಬಂದವರು ಇದ್ದಾರೆ.

ಇಲ್ಲಿ ಇನ್ನೊಂದು ತೊಡಕು ಇದೆ, ಹೊರಗಿನವರಿಗೆ ಅಷ್ಟು ಗೊತ್ತಿರೋದಿಲ್ಲ. ಅಕ್ಕ ಕುಡಿದ ನೀರನ್ನೇ ತಮ್ಮನೂ ಕುಡಿದಿದ್ದಾನೆ, ಅವನ ಹಲ್ಲಿಗೂ ಕಲೆ ಇದೆ. ತಂತಿ ಹಿಡಿಯೋ ಸಣ್ಣ ಬ್ರ್ಯಾಕೆಟ್ ಅಂಟಿಸೋಕೆ ಮೊದಲು ಹಲ್ಲಿನ ಮೇಲೆ ಆಮ್ಲ ಹಚ್ಚಿ ಸ್ವಲ್ಪ ಒರಟು ಮಾಡ್ತಾರೆ. ಫ್ಲೋರೋಸಿಸ್ ಆದ ಎನಾಮಲ್‌ನ ಹೊರಪದರ ಆ ಆಮ್ಲಕ್ಕೆ ಸುಲಭವಾಗಿ ಬಗ್ಗೋದಿಲ್ಲ. ಅಂಟು ಸರಿಯಾಗಿ ಹಿಡಿಯದೆ ಬ್ರ್ಯಾಕೆಟ್ ಬಿಚ್ಚಿ ಬರುತ್ತೆ. ಹೆಚ್ಚು ಹೊತ್ತು ಆಮ್ಲ ಬಿಡೋದು, ಮೇಲ್ಪದರ ಸ್ವಲ್ಪ ಉಜ್ಜೋದು, ಹೀಗೆ ದಾರಿಗಳಿವೆ. ಹಾಗಾಗಿ ಬ್ರ್ಯಾಕೆಟ್ ಉದುರಿದ ಕೂಡಲೇ "ಡಾಕ್ಟರ್ ಸರಿ ಇಲ್ಲ" ಅನ್ನಬೇಡಿ. ಕಡಲೆ, ಕಬ್ಬು ಕಡಿದು ಉದುರಿಸಿಕೊಂಡರೆ ಮಾತು ಬೇರೆ.

ಈ ಹುಡುಗನ ಕೆಲಸ ಹಂಚಿದ್ದು ಹೀಗೆ. ನಾನು ಕ್ಲೀನಿಂಗ್ ಮಾಡಿ, ಎರಡು ಹುಳುಕು ತುಂಬಿದೆ. ಜಾಗ ಮಾಡೋಕೆ ಮೇಲಿನ ಎರಡು ಹಲ್ಲು ತೆಗೀರಿ ಅಂತ ಆರ್ಥೊಡಾಂಟಿಸ್ಟ್ ಚೀಟಿ ಬರೆದುಕೊಟ್ಟರು, ತೆಗೆದವಳು ನಾನು. ತಂತಿ ಅವರದು. ಎಲ್ಲ ಮುಗಿದು ಬಿಚ್ಚಿದ ಮೇಲೆ ಕಲೆಯ ಕೆಲಸ ಮತ್ತೆ ನನ್ನದು. ಕಲೆಗೂ ತಂತಿಗೂ ಎರಡಕ್ಕೂ ಬಂದವರಿಗೆ ಸಾಮಾನ್ಯವಾಗಿ ಮೊದಲು ಸಾಲು ಸರಿ ಮಾಡ್ತೇವೆ, ಬಣ್ಣ ಆಮೇಲೆ.

ಅಕ್ಕನದು ಬೇಗ ಹೇಳಿ ಮುಗಿಸ್ತೇನೆ. ಕಲೆ ತೆಳುವಾಗಿದ್ದರೆ ಮೇಲ್ಪದರ ಸ್ವಲ್ಪವೇ ಸ್ವಲ್ಪ ಉಜ್ಜಿ ತೆಗೀಬಹುದು, ಬ್ಲೀಚಿಂಗ್ ಮಾಡಬಹುದು. ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬ್ತೇವೆ. ಬಹಳ ಗಾಢವಾಗಿದ್ದರೆ ವೆನೀರ್, ಅದು ದುಬಾರಿ. ಈಕೆಗೆ ಮೊದಲೆರಡು ಸಾಕಾಯ್ತು. ಪೂರ್ತಿ ಬೆಳ್ಳಗಾಗಿಲ್ಲ, ಕಂದು ಹೋಗಿದೆ. ಈಗ ಬಾಯಿಗೆ ಸೆರಗು ಅಡ್ಡ ಹಿಡಿಯದೆ ಮಾತಾಡ್ತಾಳೆ.

ಆದರೆ ಅವತ್ತು ನನಗೆ ಹೆಚ್ಚು ಚಿಂತೆ ಆಗಿದ್ದು ಆ ಎರಡು ವರ್ಷದ ಕೂಸಿನ ಬಗ್ಗೆ. ಅದರ ಹಾಲುಹಲ್ಲು ಮುತ್ತಿನಂತಿದ್ದವು. ಮುಂದೆ ಬರೋ ಶಾಶ್ವತ ಹಲ್ಲುಗಳ ಎನಾಮಲ್ ಈಗ ದವಡೆಯ ಒಳಗೆ ತಯಾರಾಗ್ತಾ ಇದೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಕಲೆಯಾಗಿ ಹೊರಗೆ ಬರುತ್ತೆ. ಹಲ್ಲು ಬಂದಾದ ಮೇಲೆ ನೀರು ಬದಲಿಸಿದರೂ ಆ ಕಲೆ ಹೋಗೋದಿಲ್ಲ.

ಗಂಗಾವತಿಯ ಕಾಲುವೆ ಭಾಗದವರು ತುಂಗಭದ್ರೆಯ ನೀರು ಕುಡೀತಾರೆ, ಅಲ್ಲಿಂದ ಬಂದವರಲ್ಲಿ ಈ ಕಲೆ ನನಗೆ ಕಮ್ಮಿ ಕಾಣುತ್ತೆ. ಕುಷ್ಟಗಿ, ಯಲಬುರ್ಗಾ ಒಣಬೇಸಾಯದ ತಾಲ್ಲೂಕುಗಳು, ಬಹುಕಾಲ ಬೋರ್‌ವೆಲ್ಲನ್ನೇ ನಂಬಿದವು. ಕಲ್ಲಿನ ಪದರದಲ್ಲಿ ಆಳಕ್ಕೆ ಇಳಿದ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 1.5ರವರೆಗೆ ನಡೆಯುತ್ತೆ ಅನ್ನುತ್ತೆ ನಮ್ಮ ದೇಶದ ಮಾನದಂಡ. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನೋಡಿ ಹೇಳೋಕಾಗಲ್ಲ. ಪರೀಕ್ಷೆ ಮಾಡಿಸಲೇಬೇಕು, ಪಂಚಾಯಿತಿಯಲ್ಲಿ ಕೇಳಿ.

"ಕುದಿಸಿ ಕೊಡ್ತೀನ್ರಿ" ಅಂದರು ಆ ತಾಯಿ. ಕುದಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾದಷ್ಟು ಉಳಿದ ನೀರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಆಗುತ್ತೆ, ಅದೂ ಮೆಂಬ್ರೇನ್ ಕಾಲಕಾಲಕ್ಕೆ ಬದಲಿಸಿದ್ದರೆ. ಹೊಳೆ ನೀರಿನ ನಲ್ಲಿ ಬಂದಿದ್ದರೆ ಅದೂ ಸರಿ. ಕುಡಿಯೋಕೆ ಒಂದು ನೀರು, ಅನ್ನ ಬೇಳೆಗೆ ಬೋರಿನ ನೀರು ಅಂತ ಮಾಡಿದರೆ ಅರ್ಧ ಕೆಲಸ ಆದಂತೆ. ಸಣ್ಣ ಮಕ್ಕಳಿಗೆ ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ನುಂಗದ ಹಾಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಆ ಕೂಸಿಗೆ ಸದ್ಯಕ್ಕೆ ನಾನೂ ಬೇಡ, ಆರ್ಥೊಡಾಂಟಿಸ್ಟೂ ಬೇಡ, ಅದಕ್ಕೆ ಬೇಕಾಗಿರೋದು ನೀರಿನ ಕ್ಯಾನು. ಏಳು ವರ್ಷದ ಹೊತ್ತಿಗೆ ಒಮ್ಮೆ ಕರೆದುಕೊಂಡು ಬನ್ನಿ, ಸಾಲು ಹೇಗಿದೆ ನೋಡೋಣ ಅಂತ ಹೇಳಿ ಕಳಿಸಿದೆ. ಹುಡುಗನದು ಮಾತ್ರ ಮೂರನೇ ಸಲ ಒಂದು ಬ್ರ್ಯಾಕೆಟ್ ಬಿಚ್ಚಿದೆಯಂತೆ, ನಿನ್ನೆ ಫೋನ್ ಮಾಡಿದ್ದರು. ಅದನ್ನ ಕಾಗದದಲ್ಲಿ ಸುತ್ತಿ ಇಟ್ಟುಕೊಂಡು, ವಿಸಿಟಿಂಗ್ ಡಾಕ್ಟರ್ ಬರೋ ದಿನ ತನ್ನಿ ಅಂದಿದ್ದೇನೆ.