ಬಾಲನ್ಯಾಯ

ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕೆಂಬುದು ಲೋಕರೂಢಿ. ಆದರೆ ತಪ್ಪು ಮಾಡಿದವನು ಇನ್ನೂ ಬಾಲಕನಾಗಿದ್ದರೆ ಏನು ಮಾಡಬೇಕು? ಈ ಪ್ರಶ್ನೆ ಹೊಸದಲ್ಲ. ಗೋಕಾಕ, ಹುಕ್ಕೇರಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1924ರಲ್ಲಿಯೇ, ಅಲ್ಲಿ ಮಕ್ಕಳ ಕಾಯಿದೆಯೊಂದು ಬಂದಿತ್ತು. 1964ರಲ್ಲಿ ಮೈಸೂರು ರಾಜ್ಯವೂ ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. 1986ರ ಕೇಂದ್ರ ಕಾಯಿದೆಯು ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ವಯೋಮಿತಿಯಲ್ಲಿ ಭೇದವೆಣಿಸಿತ್ತು. 2000ದ ಕಾಯಿದೆ ಇಬ್ಬರಿಗೂ 18 ಎಂದಿತು. ಈಗ ಆಚರಣೆಯಲ್ಲಿರುವುದು 2015ರ ಬಾಲನ್ಯಾಯ ಕಾಯಿದೆ. ಅದು 2016ರ ಜನವರಿ 15ರಂದು ಜಾರಿಗೆ ಬಂದಿತು.

ಮೂಡಲಗಿಯ ಕಡೆಯ ಹದಿನೈದು ವರ್ಷದ ಹುಡುಗನೊಬ್ಬನು ಕಬ್ಬಿನ ಹೊಲದ ಪಂಪ್‌ಸೆಟ್ಟಿನ ತಾಮ್ರದ ತಂತಿಯನ್ನು ಕದ್ದು ಸಿಕ್ಕಿಬಿದ್ದನೆಂದು ಭಾವಿಸೋಣ. ಹೊಲದವನ ಸಿಟ್ಟು ಸಹಜವಾದುದೇ. ನೀರಿಲ್ಲದೆ ಬೆಳೆ ಒಣಗುತ್ತದೆ. ಆದರೂ ಹುಡುಗನನ್ನು ಹೊಡೆಯುವ ಅಧಿಕಾರ ಹೊಲದವನಿಗೂ ಇಲ್ಲ, ಪೊಲೀಸರಿಗೂ ಇಲ್ಲ. ಠಾಣೆಯಲ್ಲಿ ಅವನ ಹೊಣೆಯನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯು ಹೊರಬೇಕು. ಬೇಡಿ ತೊಡಿಸುವಂತಿಲ್ಲ, ಲಾಕಪ್ಪಿನಲ್ಲಿ ಕೂಡಿಹಾಕುವಂತಿಲ್ಲ. ತಂದೆತಾಯಿಗಳಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಅವನನ್ನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಮಂಡಳಿಯು ಜಿಲ್ಲೆಗೆ ಒಂದಾದರೂ ಇರಬೇಕೆಂಬುದು ನಿಯಮವೇ ಹೊರತು ಪ್ರತಿ ತಾಲೂಕಿಗೂ ಇರಬೇಕೆಂದಿಲ್ಲ. ಹೀಗಾಗಿ ದೂರದ ಹಳ್ಳಿಯ ಕೂಲಿಕಾರ ತಂದೆಗೆ ಪ್ರತಿ ಅಲೆದಾಟವೂ ಒಂದು ದಿನದ ಕೂಲಿಯ ನಷ್ಟ. ಕಾಯಿದೆಯ ಪುಟಗಳಲ್ಲಿ ಈ ಕಷ್ಟ ಕಾಣುವುದಿಲ್ಲ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ; ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಅಲ್ಲಿ ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಸಾಮಾನ್ಯವಾಗಿ ಹುಡುಗನಿಗೆ ಜಾಮೀನು ದೊರೆಯುತ್ತದೆ. ಬಿಟ್ಟರೆ ದುಷ್ಟರ ಸಹವಾಸಕ್ಕೋ ಅಪಾಯಕ್ಕೋ ಸಿಲುಕುವನೆಂದು, ಇಲ್ಲವೆ ನ್ಯಾಯದ ಉದ್ದೇಶವೇ ಕೆಡುವುದೆಂದು ಕಂಡುಬಂದರೆ ಮಾತ್ರ ಅವನನ್ನು ವೀಕ್ಷಣಾಲಯದಲ್ಲಿ ಇರಿಸಲಾಗುತ್ತದೆ. ಮನೆಯ ಸ್ಥಿತಿ ಹೇಗಿದೆ, ಶಾಲೆಯನ್ನು ಏಕೆ ಬಿಟ್ಟನು, ಕದಿಯಲು ಯಾರಾದರೂ ಪ್ರೇರೇಪಿಸಿದರೇ ಎಂಬುದನ್ನೆಲ್ಲ ಪರಿವೀಕ್ಷಣಾಧಿಕಾರಿಯು ವಿಚಾರಿಸಿ ವರದಿ ಸಲ್ಲಿಸುತ್ತಾರೆ. ಈ ಕೊನೆಯ ಪ್ರಶ್ನೆ ಬಹು ಮುಖ್ಯವಾದುದು. ಮಕ್ಕಳನ್ನು ಕಾನೂನುಬಾಹಿರ ಕೃತ್ಯಕ್ಕೆ ಬಳಸುವ ವಯಸ್ಕನಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ ವಿಧಿಸಬಹುದು.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಹೆಚ್ಚೆಂದರೆ ಇನ್ನೆರಡು ತಿಂಗಳು. ಸಣ್ಣ ಅಪರಾಧವಾಗಿದ್ದು ಆಗಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ತಪ್ಪು ಸಿದ್ಧವಾದರೆ ಮಂಡಳಿಯು ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ತಂದೆತಾಯಿಗಳಿಂದ ದಂಡ ಕಟ್ಟಿಸಬಹುದು, ಅಥವಾ ಹೆಚ್ಚೆಂದರೆ ಮೂರು ವರ್ಷಗಳವರೆಗೆ ವಿಶೇಷ ಗೃಹಕ್ಕೆ ಕಳುಹಿಸಬಹುದು. ಕೊಲೆಯಂಥ ಘೋರ ಅಪರಾಧಗಳ ಮಾತು ಬೇರೆ. ಹದಿನಾರು ತುಂಬಿದವನು ಅಂಥದನ್ನು ಎಸಗಿದ್ದರೆ ಮಂಡಳಿಯು ಅವನ ಮನಃಸ್ಥಿತಿಯನ್ನು ಪರಿಶೀಲಿಸಿ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. 2015ರಲ್ಲಿ ಸೇರಿದ ಈ ನಿಯಮ ಸಾಕಷ್ಟು ವಾದವಿವಾದಗಳಿಗೆ ಎಡೆಗೊಟ್ಟಿತು. ಅಲ್ಲಿಯೂ ಮರಣದಂಡನೆ ವಿಧಿಸುವಂತಿಲ್ಲ.

ಇಷ್ಟೆಲ್ಲ ನಿಂತಿರುವುದು ವಯಸ್ಸಿನ ಮೇಲೆ. ವಯಸ್ಸಿನ ಬಗ್ಗೆ ಸಂದೇಹ ಬಂದರೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪತ್ರವನ್ನು. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನಪತ್ರ. ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. ಹಿಂದಿನವರು ಮಗುವನ್ನು ಶಾಲೆಗೆ ಸೇರಿಸುವಾಗ ತಿಥಿ ನೆನಪಿಲ್ಲದೆ ಜೂನ್ 1 ಎಂದು ಬರೆಯಿಸುತ್ತಿದ್ದುದುಂಟು. ಹಾಗೆ ಬರೆಯಿಸಿದ ಒಂದು ಸಾಲು ಬಾಲಕನೊಬ್ಬನ ಪಾಲಿಗೆ ಬಾಲನ್ಯಾಯ ಮಂಡಳಿಗೂ ಕಾರಾಗೃಹಕ್ಕೂ ನಡುವಣ ಗೆರೆಯಾಗಬಲ್ಲದು.

ಬಾಲಕನ ಹೆಸರು, ವಿಳಾಸ, ಶಾಲೆ ಯಾವುದನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ಚಿಕ್ಕ ಊರಿನಲ್ಲಿ ಬೀದಿಯ ಹೆಸರು ಹೇಳಿದರೂ ಸಾಕು, ಹುಡುಗನಾರೆಂಬುದು ತಿಳಿದುಹೋಗುತ್ತದೆ. ಮೇಲ್ಮನವಿಯ ಅವಧಿ ಕಳೆದ ಮೇಲೆ ಅವನ ಕಡತವನ್ನು ನಾಶಪಡಿಸುವಂತೆ ಮಂಡಳಿಯು ಆದೇಶಿಸುತ್ತದೆ. ಮುಂದೆ ಅವನು ನೌಕರಿಗೆ ಅರ್ಜಿ ಹಾಕಿದಾಗ ಆ ಹಳೆಯ ತಾಮ್ರದ ತಂತಿಯ ಪ್ರಕರಣವನ್ನು ಅನರ್ಹತೆಯೆಂದು ಮುಂದೆ ಮಾಡಲು ಯಾರಿಗೂ ಅವಕಾಶವಿಲ್ಲ.